ಆ ಪತ್ರಗಳಲ್ಲಿ ಏನೂ ಇಲ್ಲವಂತೆ

ಕೊಡಗಿನಲ್ಲಿ ಹಳೆಯ ಮನೆ ಪಾಲಾಗುವಾಗ, ಇಲ್ಲವೇ ಹೆಂಚು ಇಳಿಸಿ ತಾರಸಿ ಹಾಕಲು ಹೊರಟಾಗ, ಅಟ್ಟದಿಂದ ಒಂದು ತಗಡಿನ ಟ್ರಂಕ್ ಕೆಳಗಿಳಿಯುತ್ತದೆ. ಕಪ್ಪು ಬಣ್ಣ, ಮುಚ್ಚಳದ ಮೇಲೆ ಬಿಳಿ ಪೇಂಟಿನಲ್ಲಿ ಹೆಸರು, ಹುದ್ದೆ, ನಂಬರು. ಮಿಲಿಟರಿಗೆ ಹೋದವರಿಲ್ಲದ ಮನೆಯನ್ನು ಹುಡುಕಬೇಕಾದ ಜಿಲ್ಲೆ ಇದು, ಟ್ರಂಕ್ ಕಂಡು ಯಾರಿಗೂ ಆಶ್ಚರ್ಯವಾಗುವುದಿಲ್ಲ. ಒಳಗೆ ಹುಳ ತಿಂದ ಉಣ್ಣೆ ಮಫ್ಲರ್, ಪದಕದ ಡಬ್ಬಿ, ಅಡಿಯಲ್ಲಿ ದಾರ ಕಟ್ಟಿದ ಪತ್ರಗಳ ಕಟ್ಟು. ವಾಯುಪಡೆಯಲ್ಲಿದ್ದ ತಾತ ಮದುವೆಗೆ ಮೊದಲು, ಮಾತು ನಿಶ್ಚಯವಾಗಿದ್ದ ಹುಡುಗಿಗೆ ಬರೆದವು. ಮೊಮ್ಮಕ್ಕಳು ಆಸೆಯಿಂದ ಬಿಚ್ಚಿ ಓದುತ್ತಾರೆ. ನಾನು ಕ್ಷೇಮ, ನೀನೂ ಕ್ಷೇಮವೆಂದು ನಂಬಿದ್ದೇನೆ. ಊಟ ಪರವಾಗಿಲ್ಲ. ಗದ್ದೆ ನಾಟಿ ಮುಗಿಯಿತೇ? ಅಮ್ಮನ ಮಂಡಿನೋವು ಹೇಗಿದೆ? ನಾಲ್ಕು ಪತ್ರ ಓದುವಷ್ಟರಲ್ಲಿ ಮುಖ ಸಪ್ಪೆಯಾಗುತ್ತದೆ. ‘ಏನೂ ಇಲ್ಲ ಇದರಲ್ಲಿ’ ಎನ್ನುತ್ತಾರೆ. ಆಮೇಲೆ ಜಾಗ ಉಳಿಸಲೆಂದು ಲಕೋಟೆಗಳನ್ನು ಒಲೆಗೆ ಹಾಕಿ ಪತ್ರಗಳನ್ನಷ್ಟೇ ಇಟ್ಟುಕೊಳ್ಳುತ್ತಾರೆ; ಅಂಚೆಚೀಟಿ ಸಂಗ್ರಹಿಸುವ ಮಗುವಿದ್ದರೆ ಮೂಲೆಯನ್ನು ಕತ್ತರಿಸಿ ಕೊಡುತ್ತಾರೆ.

ಆ ಮಾತು ಕೇಳಿದಾಗಲೆಲ್ಲ ಸಂಕಟವಾಗುತ್ತದೆ. ಪತ್ರದಲ್ಲಿ ಏನೂ ಇಲ್ಲದಿರುವುದಕ್ಕೆ ಆ ಹುಡುಗನ ಒಣ ಸ್ವಭಾವ ಕಾರಣವಲ್ಲ. ಬರೆದ ಕಾಗದ, ಅದನ್ನು ಓದಿದ ಕಣ್ಣುಗಳು, ಅದು ಸಾಗಿದ ದಾರಿ ಎಲ್ಲವೂ ಸೇರಿ ಮಾತನ್ನು ಹಾಗೆ ಹಿಂಡಿಬಿಟ್ಟಿದ್ದವು. ಉಳಿದದ್ದು ಎಲ್ಲಿ ಹೋಯಿತು ಎಂದು ತಿಳಿಯಬೇಕಾದರೆ ಒಲೆಗೆ ಹಾಕಿದ ಆ ಲಕೋಟೆಯೇ ಬೇಕು.

ಅವಳಿಗಿಂತ ಮೊದಲು ಓದಿದವರು

ಎರಡನೇ ಮಹಾಯುದ್ಧದ ನಡುವಿನ, 1944ರ ಇಂಫಾಲವನ್ನು ತೆಗೆದುಕೊಳ್ಳಿ. ಮಾರ್ಚ್ ಕೊನೆಗೆ ಜಪಾನೀಯರು ಕೊಹಿಮಾ ರಸ್ತೆ ಕಡಿದರು, ಜೂನ್ 22ರವರೆಗೆ ಆ ರಸ್ತೆ ತೆರೆಯಲಿಲ್ಲ. ಅರ್ಜನ್ ಸಿಂಗ್ ಅವರ ನಾಯಕತ್ವದಲ್ಲಿ ಭಾರತೀಯ ವಾಯುಪಡೆಯ 1ನೇ ಸ್ಕ್ವಾಡ್ರನ್ ಹರಿಕೇನ್ ವಿಮಾನಗಳೊಂದಿಗೆ ಆಗ ಅಲ್ಲೇ ಇತ್ತು. ಅಕ್ಕಿ, ಪೆಟ್ರೋಲ್, ಮದ್ದುಗುಂಡು, ಅಂಚೆ ಚೀಲ ಎಲ್ಲವೂ ಡಕೋಟಾ ಸಾಗಣೆ ವಿಮಾನಗಳಲ್ಲೇ ಬರಬೇಕು. ಅದೇ ಡಕೋಟಾ ಗಾಯಾಳುಗಳನ್ನು ಹೊತ್ತು ವಾಪಸಾಗಬೇಕು. ಅಲ್ಲಿ ವಿಮಾನದ ಎಂಜಿನ್ ನೋಡಿಕೊಳ್ಳುವ ಫಿಟ್ಟರ್ ಆಗಿ ಕೊಡಗಿನ ಹುಡುಗನೊಬ್ಬ ಇದ್ದ ಎಂದುಕೊಳ್ಳಿ. ಅವನು ಬರೆದ ಪತ್ರವನ್ನು ಅಂಟಿಸುವಂತಿಲ್ಲ, ತೆರೆದ ಲಕೋಟೆಯಲ್ಲೇ ಒಪ್ಪಿಸಬೇಕು. ಅದನ್ನು ಓದುವವನು ದೂರದ ಯಾವನೋ ಗುಮಾಸ್ತನಲ್ಲ, ಅವನದೇ ಘಟಕದ ಒಬ್ಬ ಆಫೀಸರು. ಬೆಳಿಗ್ಗೆ ತನ್ನ ಪ್ರೇಮಪತ್ರ ಓದಿದವರಿಗೆ ಮಧ್ಯಾಹ್ನ ವಿಮಾನದ ಪಕ್ಕದಲ್ಲಿ ನಿಂತು ಸೆಲ್ಯೂಟ್ ಹೊಡೆಯಬೇಕು. ಇಪ್ಪತ್ತೆರಡು ವರ್ಷದ ಹುಡುಗ ಇನ್ನೇನು ಬರೆದಾನು?

ಅವನು ಆಫೀಸರ್ ದರ್ಜೆಯ ಪೈಲಟ್ ಆಗಿದ್ದರೆ ಸ್ವಲ್ಪ ವಾಸಿ. ಆಫೀಸರು ತನ್ನ ಪತ್ರಕ್ಕೆ ತಾನೇ ಜವಾಬ್ದಾರಿ ಹೊತ್ತು ಲಕೋಟೆಯ ಎಡಗಡೆ ಕೆಳಮೂಲೆಯಲ್ಲಿ ಸಹಿ ಹಾಕಬೇಕಿತ್ತು. ಹಳೆಯ ಲಕೋಟೆಯ ಆ ಮೂಲೆಯಲ್ಲಿರುವ ಸಹಿಯನ್ನು ಕಳಿಸಿದವನ ಹೆಸರೆಂದು ಓದಿ ಗೊಂದಲವಾಗುವುದು ಇಲ್ಲೇ. ಕಳಿಸಿದವನು ಆಫೀಸರಾಗಿದ್ದರೆ ಸಹಿ ಅವನದೇ, ಉಳಿದವರ ಪತ್ರದಲ್ಲಿ ಅದು ಓದಿ ಬಿಟ್ಟವನದು. ಸಹಿ ಇದ್ದ ಮಾತ್ರಕ್ಕೆ ಮುಗಿಯಲಿಲ್ಲ, ಹಿಂದಿನ ನೆಲೆಯ ಸೆನ್ಸಾರು ಯಾವ ಪತ್ರವನ್ನಾದರೂ ಮತ್ತೆ ಬಿಚ್ಚಬಹುದಿತ್ತು. ಬಿಚ್ಚಿದರೆ ಲಕೋಟೆಯ ಒಂದು ಬದಿಗೆ ‘ಓಪನ್ಡ್ ಬೈ ಎಕ್ಸಾಮಿನರ್’ ಎಂಬಂಥ ಅಚ್ಚಿನ ಪಟ್ಟಿ ಮೆತ್ತುತ್ತಿದ್ದರು. ಅವರು ಮಸಿ ಬಳಿದರೆ ಹೋಗುವುದು ಒಂದು ಸಾಲು. ಬ್ಲೇಡಿನಿಂದ ಕತ್ತರಿಸಿದರೆ ಮಾತ್ರ ಹಿಂಬದಿಯಲ್ಲಿ ಬರೆದದ್ದೂ ಹೋಗುತ್ತದೆ. ಆ ಕಿಂಡಿಯನ್ನು ಇಲಿ ಕಡಿದದ್ದೆಂದು ತಿಳಿಯುವುದುಂಟು. ಅಂಚು ನೇರವಾಗಿ, ಮೂಲೆ ಚೂಪಾಗಿದ್ದರೆ ಅದು ಇಲಿಯಲ್ಲ.

ಬರೆಯಬಾರದ್ದರ ಪಟ್ಟಿ ಉದ್ದವಿತ್ತು. ಊರಿನ ಹೆಸರು, ವಿಮಾನದ ಜಾತಿ, ಘಟಕದ ಚಲನೆ, ಸತ್ತವರ ಗಾಯಗೊಂಡವರ ಸುದ್ದಿ, ಮೇಲಧಿಕಾರಿಗಳ ಮೇಲಿನ ಸಿಟ್ಟು. ಹವಾಮಾನವೂ ಅದರಲ್ಲಿ ಸೇರಿತ್ತು. ಮೋಡ ಎಷ್ಟು, ಮಳೆ ಯಾವಾಗ ಎಂಬುದು ವಿಮಾನದ ಯುದ್ಧದಲ್ಲಿ ಶತ್ರುವಿಗೆ ಬೇಕಾದ ಸುದ್ದಿ. ಮಳೆಯ ಮಾತಿಲ್ಲದೆ ಕೊಡಗಿನವರಿಗೆ ಪತ್ರ ಶುರುಮಾಡುವುದು ಎಷ್ಟು ಕಷ್ಟ ಎಂದು ಇಲ್ಲಿಯವರಿಗೆ ಹೇಳಬೇಕಿಲ್ಲ. ಹಾಗಾಗಿ ಅವನ ಪಾಲಿಗೆ ಉಳಿದದ್ದು ಪ್ರಶ್ನೆಗಳು. ಪ್ರಶ್ನೆಗೆ ಸೆನ್ಸಾರಿನ ತಕರಾರಿಲ್ಲ. ನಾಟಿ ಮುಗಿಯಿತೇ, ಕೈಲ್‌ಪೊಳ್ದ್ ಹಬ್ಬಕ್ಕೆ ಯಾರೆಲ್ಲ ಬಂದಿದ್ದರು, ಪುತ್ತರಿ ಹಬ್ಬಕ್ಕೆ ನೀನು ಯಾವ ಸೀರೆ ಉಟ್ಟೆ. ಇಂಥ ಪತ್ರ ಕೈಗೆ ಬಂದಾಗ ಮೊದಲು ಪ್ರಶ್ನೆಗಳನ್ನು ಮಾತ್ರ ಒಂದು ಹಾಳೆಗೆ ಇಳಿಸಿಕೊಳ್ಳಿ. ಮನೆಯವರ ಬಗ್ಗೆ ಕೇಳಿದ ಏಳೆಂಟು ಪ್ರಶ್ನೆಗಳ ನಡುವೆ ಅವಳಿಗೇ ಕೇಳಿದ್ದೊಂದು ಇರುತ್ತದೆ. ಪತ್ರ ಬರೆದದ್ದೇ ಅದಕ್ಕಾಗಿ.

ಇನ್ನೊಂದು ಕಣ್ಣು ಊರಿನದು. ಹುಡುಗಿಯ ಹೆಸರಿಗೇ ನೇರವಾಗಿ ಪತ್ರ ಬರುವುದು ಆಗಿನ ಎಷ್ಟೋ ಮನೆಗಳಲ್ಲಿ ಸಲೀಸಲ್ಲ. ಅವಳ ಅಣ್ಣನ ಹೆಸರಿಗೆ, ಇಲ್ಲವೇ ತಂದೆಯ ಹೆಸರಿಗೆ ಬರುತ್ತಿತ್ತು. ಕುಟುಂಬದ ಹಿರಿಮನೆಯಾದ ಐನ್‌ಮನೆಯ ಕೈಯಾಲೆಯಲ್ಲಿ, ಅಂದರೆ ಮುಂದಿನ ಜಗಲಿಯಲ್ಲಿ, ಕಂಬಗಳ ನಡುವಿನ ಐಮರದ ಹಲಗೆಯ ಮೇಲೆ ಹಿರಿಯರೊಬ್ಬರು ಕೂತು ಗಟ್ಟಿಯಾಗಿ ಓದುತ್ತಾರೆ. ಅಂಗಳದಲ್ಲಿ ಭತ್ತ ಒಣಗಿಸುವವರು ಕೈ ನಿಲ್ಲಿಸಿ ಕೇಳುತ್ತಾರೆ. ಅವಳು ಒಳಗೆ ಬಾಗಿಲ ಸಂದಿಯಲ್ಲಿ. ಎಲ್ಲರಿಗೂ ಕೇಳಬೇಕಾದದ್ದು ಕೇಳಿದ ಮೇಲೆ ಕಾಗದ ಒಳಗೆ ಬರುತ್ತದೆ, ದೀಪ ಹಚ್ಚುವ ಹೊತ್ತಿಗೆ ಅವಳ ಕೈ ಸೇರುತ್ತದೆ. ಬರೆಯುವವನಿಗೆ ಈ ಕೈಯಾಲೆ ಕಣ್ಣಿಗೆ ಕಟ್ಟಿದಂತೆ ಗೊತ್ತು. ಗಟ್ಟಿಯಾಗಿ ಓದಿದಾಗ ಯಾರಿಗೂ ಮುಜುಗರವಾಗದ, ಅವಳೊಬ್ಬಳೇ ಓದಿದಾಗ ಬೇರೆ ಅರ್ಥ ಕೊಡುವ ವಾಕ್ಯ ಅವನಿಗೆ ಬೇಕಿತ್ತು. ‘ಗಿಡ ಹೂ ಬಿಟ್ಟಾಗ ಬರೆ’ ಎಂದರೆ ಹಿರಿಯರ ಕಿವಿಗೆ ಅದು ತೋಟದ ವಿಚಾರ.

ಐದು ಇಂಚಿನ ಪತ್ರ

ಕಟ್ಟಿನಲ್ಲಿ ಕೆಲವೊಮ್ಮೆ ಸುಮಾರು 4 ಇಂಚು ಅಗಲ, 5 ಇಂಚು ಉದ್ದದ ಹೊಳಪಿನ ಕಾಗದ ಸಿಗುತ್ತದೆ. ಅಕ್ಷರ ಎಷ್ಟು ಸಣ್ಣದೆಂದರೆ ಭೂತಕನ್ನಡಿ ಬೇಕು. ಇದು ಮಡಿಚಿ ಅಂಟಿಸುವ ವಿಮಾನ ಅಂಚೆಯ ಹಾಳೆಯಾದ ಏರೋಗ್ರಾಮ್ ಅಲ್ಲ, ಏರ್‌ಗ್ರಾಫ್. ಎರಡನ್ನೂ ಒಂದೇ ಎಂದು ತಿಳಿಯುವವರು ಬಹಳ. ಬ್ರಿಟನ್ನಿನ ಅಂಚೆ ಇಲಾಖೆ 1941ರ ಏಪ್ರಿಲ್‌ನಲ್ಲಿ ಕೈರೋದಿಂದ ಇದನ್ನು ಶುರುಮಾಡಿತು, ಭಾರತಕ್ಕೆ 1942ರಲ್ಲಿ ಬಂತು, 1945ರ ಜುಲೈ ಕೊನೆಗೆ ನಿಂತಿತು. ದೊಡ್ಡ ಅಚ್ಚಿನ ನಮೂನೆಯ ಮೇಲೆ ಬರೆದು ಕೊಟ್ಟರೆ ಅದನ್ನು 16 ಮಿ.ಮೀ. ಫಿಲ್ಮಿನಲ್ಲಿ ಚಿತ್ರ ತೆಗೆಯುತ್ತಾರೆ. ಫಿಲ್ಮ್ ವಿಮಾನದಲ್ಲಿ ಹೋಗುತ್ತದೆ, ಆ ಕಡೆಯಲ್ಲಿ ಪ್ರತಿಯೊಂದನ್ನೂ ಕಾಗದಕ್ಕೆ ಇಳಿಸಿ ಕಿಟಕಿಯಿರುವ ಲಕೋಟೆಯಲ್ಲಿ ಹಂಚುತ್ತಾರೆ. ಸಾಧಾರಣ ಪತ್ರ 1,600 ಇದ್ದರೆ ಸುಮಾರು 23 ಕಿಲೋ ತೂಕ, ಅಷ್ಟೇ ಪತ್ರಗಳ ಫಿಲ್ಮ್ 140 ಗ್ರಾಂ ಆಸುಪಾಸು. ಮೆಡಿಟರೇನಿಯನ್ ದಾರಿ ಮುಚ್ಚಿ ಹಡಗುಗಳು ಆಫ್ರಿಕಾ ಸುತ್ತಿ ಬರುತ್ತಿದ್ದ ಕಾಲದಲ್ಲಿ ತಿಂಗಳುಗಟ್ಟಲೆ ಕಾಯುವುದು ತಪ್ಪಿದ್ದು ಇದರಿಂದ.

ಬರೆಯುವುದಕ್ಕೆ ಕಟ್ಟುಪಾಡು ಹೆಚ್ಚು. ಕಪ್ಪು ಶಾಯಿಯೇ ಆಗಬೇಕು, ಪೆನ್ಸಿಲ್ ಮತ್ತು ತಿಳಿನೀಲಿ ಫಿಲ್ಮಿನಲ್ಲಿ ಮಂಕಾಗುತ್ತವೆ. ಗೆರೆ ದಾಟಿದರೆ ಆ ಭಾಗ ಚಿತ್ರಕ್ಕೆ ಸಿಗುವುದಿಲ್ಲ. ವಿಳಾಸವನ್ನು ಮೇಲಿನ ಚೌಕದಲ್ಲಿ ದಪ್ಪ ಅಕ್ಷರದಲ್ಲಿ ಬರೆಯಬೇಕು, ಏಕೆಂದರೆ ಲಕೋಟೆಯ ಕಿಟಕಿಯಲ್ಲಿ ಕಾಣುವುದು ಅದೇ. ಜಾಗ ಸಾಲದೆಂದು ಸಣ್ಣದಾಗಿ ಬರೆದರೆ ಆ ಕಡೆ ಅದು ಇರುವೆ ಸಾಲಾಗುತ್ತದೆ. ಒಂದು ಪುಟದ ಮಾತನ್ನು ಹತ್ತು ಸಾಲಿಗೆ ಇಳಿಸಿದರೆ ಮೊದಲು ಹೋಗುವುದು ಒಲವಿನ ಮಾತೇ, ಯಾಕೆಂದರೆ ಕ್ಷೇಮಸಮಾಚಾರ ಬಿಡುವಂತಿಲ್ಲ.

ಈ ವ್ಯವಸ್ಥೆಯಲ್ಲಿ ಒಂದು ಅಂಶ ಬಹಳ ಹೊತ್ತು ಕಾಡುತ್ತದೆ. ಪ್ರತಿ ನಮೂನೆಗೂ ಕ್ರಮಸಂಖ್ಯೆ ಇತ್ತು. ಫಿಲ್ಮ್ ಸುರಕ್ಷಿತವಾಗಿ ತಲುಪಿತೆಂಬ ಸುದ್ದಿ ಬರುವವರೆಗೆ ಮೂಲ ಹಾಳೆಗಳನ್ನು ಇಟ್ಟುಕೊಂಡಿರುತ್ತಿದ್ದರು. ವಿಮಾನ ಬಿದ್ದರೆ ಅದೇ ಹಾಳೆಗಳನ್ನು ಮತ್ತೆ ಚಿತ್ರ ತೆಗೆದು ಕಳಿಸುತ್ತಿದ್ದರು, ಪತ್ರ ಕಳೆದುಹೋಗುವ ಪ್ರಶ್ನೆಯೇ ಇರಲಿಲ್ಲ. ತಲುಪಿದ ಖಾತ್ರಿಯಾದ ಮೇಲೆ ಮೂಲವನ್ನು ನಾಶಮಾಡುತ್ತಿದ್ದರು. ಅಂದರೆ ಅವನ ಕೈ ಒರಗಿದ್ದ, ಬೆವರು ತಾಗಿದ್ದ ಕಾಗದ ಅವಳಿಗೆ ಎಂದೂ ಸಿಗಲಿಲ್ಲ. ಅವಳ ಕಡೆಯಿಂದಲೂ ಅಷ್ಟೇ. ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ತೋಟವಿಡೀ ಬೆಳ್ಳಗಾದಾಗ ಒಂದು ಕಾಫಿ ಹೂವನ್ನು ಮಡಿಕೆಯಲ್ಲಿಟ್ಟು ಕಳಿಸೋಣವೆಂದರೆ ಫಿಲ್ಮಿಗೆ ಹೂವಿನ ಪರಿಮಳ ಗೊತ್ತಿಲ್ಲ.

ತಂತಿ ಬೇಡ

ಯುದ್ಧಕಾಲದಲ್ಲಿ ಸೈನಿಕರಿಗೆಂದೇ ಅಗ್ಗದ ತಂತಿ ಇತ್ತು. ಅಚ್ಚಾದ ಪಟ್ಟಿಯಿಂದ ಮೂರು ಸಿದ್ಧವಾಕ್ಯಗಳ ಸಂಖ್ಯೆ ಆರಿಸಿಕೊಟ್ಟರೆ ಸಂಖ್ಯೆ ಮಾತ್ರ ತಂತಿಯಲ್ಲಿ ಹೋಗಿ ಆ ಕಡೆ ವಾಕ್ಯವಾಗುತ್ತಿತ್ತು. ಪತ್ರ ತಲುಪಿತು, ಕ್ಷೇಮ, ಪ್ರೀತಿಯ ಶುಭಾಶಯ ಇಂಥವು. ಲಂಡನ್ನಿನ ಬೀದಿಗೆ ಇದು ಒಳ್ಳೆಯ ಏರ್ಪಾಡೇ. ನಮ್ಮ ಊರುಗಳಲ್ಲಿ ‘ತಂತಿ ಬಂತು’ ಎಂದರೆ ಯಾರೋ ಹೋದರು ಎಂದೇ ಅರ್ಥ. ವಿರಾಜಪೇಟೆಯಿಂದಲೋ ಮಡಿಕೇರಿಯಿಂದಲೋ ಆಳು ಕೈಯಲ್ಲಿ ಆ ಕಾಗದ ಹಿಡಿದು ಗದ್ದೆ ಬದುವಿನ ಮೇಲೆ ಬರುವುದು ಕಂಡರೆ ಸಾಕು, ಒಡೆದು ಓದುವ ಮೊದಲೇ ಮನೆಯಲ್ಲಿ ಅಳು. ಶುಭಾಶಯದ ತಂತಿ ಕಳಿಸದೆ ಪತ್ರವನ್ನೇ ನೆಚ್ಚಿಕೊಂಡ ಹುಡುಗ ಜಿಪುಣನಲ್ಲ, ಊರನ್ನು ಬಲ್ಲವನು. ಆ ಭಯ 2013ರ ಜುಲೈನಲ್ಲಿ ತಂತಿ ಸೇವೆ ನಿಲ್ಲುವವರೆಗೂ ಪೂರ್ತಿ ಹೋಗಿರಲಿಲ್ಲ.

ಕೇರ್ ಆಫ್ 56 ಎಪಿಒ

ಸ್ವಾತಂತ್ರ್ಯ ಬಂದ ಮೇಲೆ ಭಾಷೆ ಸಡಿಲವಾಯಿತು, ಕಾಗದ ನೀಲಿಯಾಯಿತು. ಇನ್‌ಲ್ಯಾಂಡ್ ಲೆಟರ್ 1950ರ ಅಕ್ಟೋಬರ್ 2ರಂದು ಬಂತು. ಗಡಿಯ ಕಡೆ ಹೋದವರಿಗೆ ಬರೆಯಬೇಕಾದರೆ ಹೆಸರು, ಹುದ್ದೆ, ಘಟಕ, ಕೊನೆಗೆ ‘ಕೇರ್ ಆಫ್ 56 ಎಪಿಒ’ ಅಥವಾ ‘99 ಎಪಿಒ’. ಎಪಿಒ ಅಂದರೆ ಆರ್ಮಿ ಪೋಸ್ಟ್ ಆಫೀಸ್, ಸೇನೆಯ ಅಂಚೆ ಕಚೇರಿ. 56 ಅಂದರೆ ದೆಹಲಿಯ ಮೂಲಕ, ಪಶ್ಚಿಮ ಮತ್ತು ಉತ್ತರದ ಕಡೆ. 99 ಅಂದರೆ ಕಲ್ಕತ್ತೆಯ ಮೂಲಕ, ಪೂರ್ವದ ಕಡೆ. ಪಠಾಣ್‌ಕೋಟ್ ಎಂದೋ ತೇಜ್‌ಪುರ ಎಂದೋ ಸೇರಿಸಿ ಬರೆದರೆ ಪತ್ರ ಬೇಗ ಹೋಗುತ್ತದೆಂದು ತಿಳಿಯುವುದು ತಪ್ಪು. ಊರಿನ ಹೆಸರು ಕಂಡರೆ ನಾಗರಿಕ ಅಂಚೆಯವರು ಅದನ್ನು ಆ ಊರಿಗೇ ತಳ್ಳುತ್ತಾರೆ, ಅಲ್ಲಿ ಘಟಕ ಇರುವುದಿಲ್ಲ, ಪತ್ರ ಅಲೆದಾಡುತ್ತದೆ. ಸಂಖ್ಯೆ ಮಾತ್ರ ಬರೆದರೆ ಘಟಕ ಎಲ್ಲಿಗೆ ಸ್ಥಳಾಂತರವಾದರೂ ಸೇನೆಯ ಅಂಚೆ ಅದನ್ನು ಹಿಂಬಾಲಿಸುತ್ತದೆ. ಹುಡುಗಿಯ ಮಟ್ಟಿಗೆ ಅದರ ಅರ್ಥ, 56 ಹೋಗಿ 99 ಆದ ದಿನ ಅವನು ದೇಶದ ಈ ಮೂಲೆಯಿಂದ ಆ ಮೂಲೆಗೆ ಹೋದ ಎನ್ನುವುದಷ್ಟೇ.

ಕೊಡಗಿನಲ್ಲಿ ಇನ್‌ಲ್ಯಾಂಡ್ ಲೆಟರಿಗೆ ತನ್ನದೇ ತೊಂದರೆ ಇತ್ತು. ಆಷಾಢದಲ್ಲಿ ಹತ್ತು ತಂದಿಟ್ಟರೆ ವಾರ ಕಳೆಯುವಷ್ಟರಲ್ಲಿ ಅಂಚಿನ ಗೋಂದು ತಂಪು ಹಿಡಿದು ಬರೆಯುವ ಮೊದಲೇ ಮಡಿಕೆಗಳು ಅಂಟಿಕೊಳ್ಳುತ್ತವೆ. ಒಲೆಯ ಮೇಲಿನ ಅಟ್ಟದಲ್ಲಿ, ಮಡಿಕೆಗಳ ನಡುವೆ ಪತ್ರಿಕೆಯ ತುಂಡು ಇಟ್ಟು ಜೋಡಿಸಿದರೆ ಉಳಿಯುತ್ತವೆ. ಗೋಂದು ಸತ್ತುಹೋದರೆ ಅನ್ನದ ಅಗುಳು. ಹಳೆಯ ಪತ್ರದ ಅಂಚಿನಲ್ಲಿ ಬೆಳ್ಳಗೆ ಗಟ್ಟಿಯಾದ ಚುಕ್ಕೆ ಕಂಡರೆ ಅದೇ, ಬೆಳ್ಳಿಹುಳ ಮೊದಲು ಕೊರೆಯುವುದೂ ಅಲ್ಲಿಂದಲೇ. ಇನ್ನು ಬಿಚ್ಚುವಾಗಿನ ಅವಸರ. ಕೊನೆಯ ನಾಲ್ಕು ಸಾಲನ್ನು ಎಲ್ಲರೂ ಅಂಟಿನ ಅಂಚಿಗೇ ಬರೆಯುತ್ತಾರೆ, ಬೆರಳು ಹಾಕಿ ಹರಿದರೆ ಹೋಗುವುದು ಅವೇ. ಆ ಚೂರು ಹಾಳೆಯ ಇನ್ನೊಂದು ಅಂಚಿಗೆ ಇನ್ನೂ ಅಂಟಿಕೊಂಡಿರುತ್ತದೆ, ನೋಡದೆ ಕೀಳಬೇಡಿ.

ಒಳಗೆ ಏನನ್ನೂ ಇಡಬಾರದು ಎಂಬ ಮಾತು ಇನ್‌ಲ್ಯಾಂಡ್ ಲೆಟರಿನ ಮೇಲೆ ಅಚ್ಚಾಗಿಯೇ ಇರುತ್ತದೆ. ಏರ್‌ಗ್ರಾಫಿಗೆ ಸಿಗದ ಕಾಫಿ ಹೂವಿಗೆ ಇಲ್ಲೂ ಜಾಗವಿಲ್ಲ.

1965ರ ಸೆಪ್ಟೆಂಬರ್ ನೆನೆಯಿರಿ. ಕೈಲ್‌ಪೊಳ್ದ್‌ಗೆ ಕೋವಿ ಪೂಜೆ ಮಾಡಿದ ಅದೇ ವಾರ ಯುದ್ಧ ಆಕಾಶಕ್ಕೇರಿತು. ಹಬ್ಬಕ್ಕೆಂದು ಬರೆದ ಪತ್ರ ದೆಹಲಿಯ ಮೂಲಕ ವಿಮಾನ ನೆಲೆ ಸೇರುವಷ್ಟರಲ್ಲಿ ಓದುವವನಿಗೆ ದಿನಕ್ಕೆ ಎರಡು ಮೂರು ಸಲ ಹಾರುವ ಕೆಲಸ. ಹಾರುವ ಮುನ್ನ ಕಿಸೆ ಖಾಲಿ ಮಾಡುವುದು ವಾಯುಪಡೆಗಳಲ್ಲಿ ಎರಡನೇ ಮಹಾಯುದ್ಧದಿಂದ ಬಂದ ಶಿಸ್ತು. ಪತ್ರ, ಟಿಕೆಟ್, ಫೋಟೊ ಯಾವುದೂ ಶತ್ರುವಿನ ಕೈಗೆ ಸಿಗಬಾರದು. ಪತ್ರವನ್ನು ಎದೆಗವಚಿಕೊಂಡು ಹಾರುವುದು ಸಿನಿಮಾದಲ್ಲಿ ಮಾತ್ರ. ನಿಜವಾಗಿ ಪತ್ರ ಟ್ರಂಕಿನಲ್ಲಿ ಉಳಿಯುತ್ತದೆ, ಹುಡುಗ ಮೇಲೇರುತ್ತಾನೆ.

ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧ ವಿಮಾನ ನೆಲೆಯ ಮೇಲಿನ ದಾಳಿಗೆ ಹೋದ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಮರಳಲಿಲ್ಲ. ಅವರ ಮಿಸ್ಟೇರ್ ವಿಮಾನ ಅದಕ್ಕಿಂತ ಎಷ್ಟೋ ವೇಗದ ಪಾಕಿಸ್ತಾನಿ ಸ್ಟಾರ್‌ಫೈಟರ್ ವಿಮಾನವನ್ನು ಹೊಡೆದುರುಳಿಸಿತ್ತೆಂಬ ಸಂಗತಿ ಇಲ್ಲಿ ವರ್ಷಗಟ್ಟಲೆ ಯಾರಿಗೂ ತಿಳಿದಿರಲಿಲ್ಲ. ಪಾಕಿಸ್ತಾನದ ಕಡೆಯ ಬರಹದಿಂದ ಅದು ಹೊರಬಂದು, ಮರಣೋತ್ತರ ಮಹಾವೀರ ಚಕ್ರ ಸಂದದ್ದು 1988ರಲ್ಲಿ, 23 ವರ್ಷಗಳ ನಂತರ. ಒಬ್ಬ ವೈಮಾನಿಕನ ಕೊನೆಯ ಹೋರಾಟಕ್ಕೆ ಮನ್ನಣೆ ಸಿಗಲು ಅಷ್ಟು ಕಾಲ ಹಿಡಿಯಿತು. ಮಡಿಕೇರಿಯಲ್ಲಿ ಅವರ ಹೆಸರು ಕಂಡಾಗಲೆಲ್ಲ ಆ 23 ವರ್ಷ ಎದೆಗೆ ತಾಗುತ್ತದೆ.

ಅದೇ ತಿಂಗಳ 22ರಂದು, ಕದನವಿರಾಮದ ಹಿಂದಿನ ದಿನ, ಹಂಟರ್ ವಿಮಾನದಲ್ಲಿದ್ದ ಫ್ಲೈಟ್ ಲೆಫ್ಟಿನೆಂಟ್ ನಂದಾ ಕಾರ್ಯಪ್ಪ ಸೆರೆಸಿಕ್ಕರು. ಮಗನನ್ನು ಬಿಡುವ ಮಾತು ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನರಿಂದ ಬಂದಾಗ, ಸೆರೆಯಲ್ಲಿರುವವರೆಲ್ಲ ತನ್ನ ಮಕ್ಕಳೇ ಎಂದು ಜನರಲ್ ಕಾರ್ಯಪ್ಪ ಒಪ್ಪದಿದ್ದುದು ಕೊಡಗಿನ ಮಕ್ಕಳಿಗೂ ಗೊತ್ತು. ಗೊತ್ತಿಲ್ಲದ್ದು ಸೆರೆಯಾಳಿನ ಪತ್ರದ ವ್ಯವಸ್ಥೆ. 1949ರ ಮೂರನೇ ಜಿನೀವಾ ಒಪ್ಪಂದದ 70ನೇ ವಿಧಿಯಂತೆ ಸೆರೆಸಿಕ್ಕವನು ಶಿಬಿರ ಸೇರಿ ಒಂದು ವಾರದೊಳಗೆ ಮನೆಗೊಂದು, ಜಿನೀವಾದ ಕೇಂದ್ರ ಕಚೇರಿಗೊಂದು ಕಾರ್ಡು ಬರೆಯಲು ಬಿಡಬೇಕು. ಅದರಲ್ಲಿ ಇರುವುದು ಸೆರೆಸಿಕ್ಕ ವಿಷಯ, ವಿಳಾಸ, ಆರೋಗ್ಯ, ಅಷ್ಟೇ. 71ನೇ ವಿಧಿಯಂತೆ ತಿಂಗಳಿಗೆ ಕಡಿಮೆಯೆಂದರೆ ಎರಡು ಪತ್ರ, ನಾಲ್ಕು ಕಾರ್ಡು, ಸಾಮಾನ್ಯವಾಗಿ ತಾಯ್ನುಡಿಯಲ್ಲೇ. ಅಂಚೆಚೀಟಿ ಬೇಕಿಲ್ಲ. ಸೆನ್ಸಾರು ಕಳಿಸುವ ದೇಶದಲ್ಲಿ ಒಮ್ಮೆ, ಪಡೆಯುವ ದೇಶದಲ್ಲಿ ಒಮ್ಮೆ. ಎರಡು ಸರ್ಕಾರಗಳು ಓದಿ ಬಿಟ್ಟ ಮೇಲೆ ಕೈಸೇರುವ ಕಾರ್ಡಿನಲ್ಲಿ ‘ಆರೋಗ್ಯವಾಗಿದ್ದೇನೆ’ ಎಂಬ ಒಂದು ಸಾಲಿದ್ದರೆ, ಅದಕ್ಕಿಂತ ದೊಡ್ಡ ಪ್ರೇಮಪತ್ರ ಯಾವುದಿದೆ ಎಂದು ಆ ಕಾರ್ಡಿಗೆ ಕಾದವರನ್ನೇ ಕೇಳಬೇಕು.

ಟ್ರಂಕ್ ತೆರೆಯುವವರಿಗೆ

ಅವಳು ಬರೆದ ಪತ್ರಗಳು ಕಟ್ಟಿನಲ್ಲಿ ಇಲ್ಲದಿದ್ದರೆ ಅವಳು ಬರೆಯಲಿಲ್ಲ ಎಂದುಕೊಳ್ಳಬೇಡಿ. ಊರಿನವರು ಒಂದೇ ಅಟ್ಟದ ಕೆಳಗಿದ್ದರು, ಅವನು ಟೆಂಟಿನಿಂದ ಟೆಂಟಿಗೆ ಅಲೆಯುತ್ತಿದ್ದ, ಹೊರುವ ತೂಕಕ್ಕೆ ಮಿತಿಯಿತ್ತು. ಅವನು ಮರಳದಿದ್ದರೆ ಅವನ ಸಾಮಾನನ್ನು ‘ಕಮಿಟಿ ಆಫ್ ಅಡ್ಜಸ್ಟ್‌ಮೆಂಟ್’ ಎಂಬ ಆಫೀಸರರ ಸಮಿತಿ ಪಟ್ಟಿ ಮಾಡುತ್ತಿತ್ತು. ಮನೆಯವರಿಗೆ ನೋವಾಗುವಂಥ ಕಾಗದ ಕಂಡರೆ ಬ್ರಿಟಿಷ್ ಪದ್ಧತಿಯಲ್ಲಿ ತೆಗೆದುಬಿಡುವುದೂ ಇತ್ತು. ಅವಳ ಮಾತನ್ನು ಅವನ ಉತ್ತರಗಳಿಂದಲೇ ಎತ್ತಿಕೊಳ್ಳಬೇಕು.

ಮೊದಲ ಕೆಲಸ, ಯಾವ ಪತ್ರ ಯಾವ ಲಕೋಟೆಯಲ್ಲಿತ್ತೋ ಅದರ ಜೊತೆಗೇ ಇರಲಿ. ಪತ್ರದ ತಲೆಯಲ್ಲಿ ತಾರೀಕಿನ ಪಕ್ಕ 8, 9 ಎಂದು ಸಣ್ಣ ಸಂಖ್ಯೆ ಇದೆಯೇ ನೋಡಿ. ಅದು ಪುಟದ ಸಂಖ್ಯೆಯಲ್ಲ, ಪತ್ರದ ಸಂಖ್ಯೆ. ಅಂಚೆ ಒಟ್ಟೊಟ್ಟಿಗೆ, ಹಿಂದುಮುಂದಾಗಿ ಬರುತ್ತಿದ್ದುದರಿಂದ ಹಾಗೆ ಬರೆದುಕೊಳ್ಳುತ್ತಿದ್ದರು. ಒಂಬತ್ತನೆಯದರಲ್ಲಿ ಅವನು ಕ್ಷಮೆ ಕೇಳಿದ್ದು ಏಳನೆಯದರ ಯಾವುದೋ ಮಾತಿಗೆ, ಆ ಏಳನೆಯದು ಬಂದದ್ದು ಹತ್ತರ ನಂತರ. ಬರೆದ ತಾರೀಕು, ಫೀಲ್ಡ್ ಪೋಸ್ಟ್ ಆಫೀಸಿನ ದುಂಡು ಮೊಹರು, ಹಿಂಬದಿಯ ನಮ್ಮೂರ ಮೊಹರು, ಈ ಮೂರನ್ನೂ ಒಂದು ಪುಸ್ತಕದಲ್ಲಿ ಸಾಲಾಗಿ ಬರೆದರೆ ಎರಡು ವರ್ಷದ ಕಥೆ ತಾನೇ ಎದ್ದು ಬರುತ್ತದೆ. ವಾರಕ್ಕೊಂದರಂತೆ ಬಂದದ್ದು ಒಂದು ತಿಂಗಳು ನಿಂತಿದ್ದರೆ, ಆ ತಿಂಗಳು ಅವಳು ಏನು ಮಾಡಿದಳೆಂದು ಮನೆಯ ಹಿರಿಯ ಹೆಂಗಸರನ್ನು ಕೇಳಿ. ಯಾರಿಗಾದರೂ ನೆನಪಿರುತ್ತದೆ.

ಇದನ್ನು ಫೆಬ್ರವರಿ, ಮಾರ್ಚಿನ ಒಣ ದಿನಗಳಲ್ಲಿ ಮಾಡಿ. ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆ ಸುರಿಯುವ ಮಡಿಕೇರಿಯ ಜೂನ್‌ನಲ್ಲಿ ಕಟ್ಟು ಬಿಚ್ಚಿದರೆ ಬೂಷ್ಟಿಗೆ ಊಟ ಹಾಕಿದಂತೆ. ಬೂಷ್ಟು ಇದ್ದರೆ ಕಾಗದ ಚೆನ್ನಾಗಿ ಒಣಗಿದ ಮೇಲೆ ಹೊರಗೆ ಜಗಲಿಯಲ್ಲಿ, ಮೂಗಿಗೆ ಬಟ್ಟೆ ಕಟ್ಟಿ, ಮೆತ್ತನೆ ಬ್ರಷ್‌ನಿಂದ ಒಂದೇ ದಿಕ್ಕಿಗೆ ಸವರಿ. ಹಸಿಯಾಗಿದ್ದಾಗ ಸವರಿದರೆ ಕಲೆ ಒಳಗಿಳಿಯುತ್ತದೆ. ಗುಂಡುಸೂಜಿ ತುಕ್ಕು ಹಿಡಿದಿದ್ದರೆ ಎಳೆಯಬೇಡಿ, ಕಾಗದದ ಕಡೆಯನ್ನು ಮೆಲ್ಲಗೆ ಜಾರಿಸಿ. ಇಸ್ತ್ರಿ ಬೇಡ, ಸೆಲ್ಲೋಟೇಪ್ ಬೇಡ, ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ಒಮ್ಮೆ ಪ್ಲಾಸ್ಟಿಕ್ಕಿನೊಳಗೆ ಬೆಂದ ಕಾಗದ ಮತ್ತೆ ಹೊರಬರುವುದಿಲ್ಲ. ಏರ್‌ಗ್ರಾಫುಗಳು ಫೋಟೊ ಕಾಗದ, ಮುಖಕ್ಕೆ ಮುಖ ತಾಗಿಸಿ ಜೋಡಿಸಿದರೆ ತೇವಕ್ಕೆ ಒಂದಕ್ಕೊಂದು ಹಿಡಿದುಕೊಳ್ಳುತ್ತವೆ. ನಡುವೆ ಆಮ್ಲವಿಲ್ಲದ ಬಿಳಿ ಕಾಗದ ಇಡಿ, ಅಂಟಿಹೋಗಿದ್ದರೆ ಬಿಡಿಸಲು ಹೋಗದೆ ಬಲ್ಲವರ ಕೈಗೆ ಕೊಡಿ. ಲಕೋಟೆಯ ಎರಡೂ ಬದಿ ಸೇರಿಸಿ ಫೋಟೊ ತೆಗೆದಿಟ್ಟುಕೊಳ್ಳಿ.

ಶಾಯಿ ಪೂರ್ತಿ ಮಾಸಿ ಹಾಳೆ ಬರಿದಾಗಿ ಕಂಡರೂ ಎಸೆಯಬೇಡಿ. ಕತ್ತಲೆ ಕೋಣೆಯಲ್ಲಿ ಹಾಳೆಯನ್ನು ಮೇಜಿನ ಮೇಲೆ ಚಪ್ಪಟೆಯಾಗಿಟ್ಟು, ಟಾರ್ಚನ್ನು ಮೇಜಿಗೆ ತಾಗುವಷ್ಟು ತಗ್ಗಿಸಿ ಒಂದು ಬದಿಯಿಂದ ಬೆಳಕು ಬಿಡಿ. ನಿಬ್ಬು ಒತ್ತಿದ ಗೀರುಗಳಿಗೆ ನೆರಳು ಬೀಳುತ್ತದೆ. ಹೆಚ್ಚು ಒತ್ತಿ ಬರೆದ ಪದಗಳು ಮೊದಲು ಕಾಣುತ್ತವೆ.